ಟಿಕ್ ಹಾಕಿದ್ರೆ ಜೀವ ಉಳಿಯುತ್ತಾ? ಚೆಕ್‌ಲಿಸ್ಟ್ ಆಸ್ಪತ್ರೆಗೆ ಬಂದ ಕಥೆ

ಇವತ್ತಿನ ಕಥೆ ಒಂದು ಹಾಳೆಯದ್ದು. ವಿಮಾನದಲ್ಲಿ ಹುಟ್ಟಿ, ಆಪರೇಷನ್ ಥಿಯೇಟರ್‌ವರೆಗೆ ಬಂದ ಹಾಳೆ. ಹೆಸರು ಚೆಕ್‌ಲಿಸ್ಟ್.

1935ರ ಅಕ್ಟೋಬರ್ 30. ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡ್. ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ, ಮಾಡೆಲ್ 299, ಪರೀಕ್ಷಾ ಹಾರಾಟಕ್ಕೆ ಮೇಲೇರಿತು. ಸ್ವಲ್ಪ ಹೊತ್ತಲ್ಲೇ ನೆಲಕ್ಕೆ ಬಿದ್ದು ಹೊತ್ತಿ ಉರಿಯಿತು. ಇಬ್ಬರು ಜೀವ ಕಳೆದುಕೊಂಡರು. ಇಂಜಿನ್ ಕೆಟ್ಟಿರಲಿಲ್ಲ. ಪೈಲಟ್ ಹೊಸಬರೂ ಅಲ್ಲ. ನಿಂತ ವಿಮಾನ ಗಾಳಿಗೆ ಅಲುಗಾಡದಿರಲಿ ಅಂತ ಹಾಕಿದ್ದ ಲಾಕ್ ತೆಗೆಯೋದು ಮರೆತುಹೋಗಿತ್ತು, ಅಷ್ಟೇ.

ಆಮೇಲೆ ಪೈಲಟ್‌ಗಳು ಒಂದು ಪಟ್ಟಿ ಮಾಡಿಕೊಂಡರು. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಇಬ್ಬರು ಪೈಲಟ್‌ಗಳ ವಿಮಾನದಲ್ಲಿ ಒಬ್ಬರು ಪಟ್ಟಿಯನ್ನ ಗಟ್ಟಿಯಾಗಿ ಓದ್ತಾರೆ, ಇನ್ನೊಬ್ಬರು ನೋಡಿ ಉತ್ತರ ಕೊಡ್ತಾರೆ. ಅಂದ್ರೆ ಚೆಕ್‌ಲಿಸ್ಟ್ ಅನ್ನೋದು ಬರೀ ಹಾಳೆ ಅಲ್ಲ, ಅದೊಂದು ಮಾತುಕತೆ.

ಈಗ 2001ಕ್ಕೆ ಬರೋಣ. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ. ಐಸಿಯು ರೋಗಿಗಳ ದೊಡ್ಡ ರಕ್ತನಾಳಕ್ಕೆ ಹಾಕುವ ಟ್ಯೂಬ್‌ನಿಂದ ಸೋಂಕು ತಗುಲಿ ಜನ ಸಾಯುತ್ತಿದ್ದರು. ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ಕೇವಲ 5 ಹೆಜ್ಜೆಗಳ ಪಟ್ಟಿ ಮಾಡಿದರು. ಮೊದಲನೆಯದು ಕೈ ತೊಳೆಯೋದು! ಇದು ಯಾವ ಡಾಕ್ಟರ್‌ಗೆ ಗೊತ್ತಿಲ್ಲ ಹೇಳಿ? ಹೊಸದಾಗಿದ್ದದ್ದು ಬೇರೆ: ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನರ್ಸ್ ಅವರನ್ನ ತಡೆಯಬಹುದು, ಆಡಳಿತ ನರ್ಸ್ ಬೆನ್ನಿಗೆ ನಿಲ್ಲುತ್ತೆ. ಇದೇ ಪ್ರಯೋಗ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ನಡೆಯಿತು. 2006ರಲ್ಲಿ ಫಲಿತಾಂಶ ಬಂದಾಗ ಸೋಂಕು ಸುಮಾರು ಮೂರನೇ ಎರಡರಷ್ಟು ಇಳಿದಿತ್ತು.

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್‌ಗಳಿಗಾಗಿ 19 ಅಂಶಗಳ ಪಟ್ಟಿ ತಂದಿತು. ಸರ್ಜನ್ ಅತುಲ್ ಗವಾಂಡೆ ಇದರ ಮುಂದಾಳು. ದೆಹಲಿ, ಟೊರೊಂಟೊ, ಮನಿಲಾ ಸೇರಿ 8 ನಗರಗಳಲ್ಲಿ ಪರೀಕ್ಷೆ ಆಯ್ತು. 2009ರ ವರದಿ ಪ್ರಕಾರ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಸುಮಾರು ಅರ್ಧ!

ಇಂಥ ಫಲಿತಾಂಶ ನೋಡಿದ ಸರ್ಕಾರಗಳು ಸುಮ್ನಿರ್ತಾವಾ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2010ರಿಂದ ಆಸ್ಪತ್ರೆಗಳು ಚೆಕ್‌ಲಿಸ್ಟ್ ಎಷ್ಟು ಬಳಸಿದ್ವು ಅಂತ ಲೆಕ್ಕ ಕೊಡಬೇಕಾಯ್ತು. ಕೊಟ್ಟವು ಕೂಡ. ಲೆಕ್ಕದಲ್ಲಿ ಬಳಕೆ ಶೇ. 90ಕ್ಕಿಂತ ಮೇಲೆ! ಆದರೆ 2014ರಲ್ಲಿ 101 ಆಸ್ಪತ್ರೆಗಳ ಅಧ್ಯಯನ ಪ್ರಕಟವಾದಾಗ, ಸಾವು ಶೇ. 0.71ರಿಂದ 0.65ಕ್ಕೆ ಬಂದಿತ್ತು ಅಷ್ಟೇ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ವ್ಯತ್ಯಾಸವೇ ಅಲ್ಲ.

ಅದೇ ಥರದ ಹಾಳೆ, ಫಲಿತಾಂಶ ಯಾಕೆ ಬೇರೆ? ಅಧ್ಯಯನದ ಅವಧಿ ಚಿಕ್ಕದಾಯ್ತು ಅಂದವರಿದ್ದಾರೆ. ರೋಗಿಗಳ ಸುರಕ್ಷತೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಡಾಕ್ಟರ್ ಲೂಷನ್ ಲೀಪ್ ಮಾತ್ರ ಇನ್ನೂ ನೇರವಾಗಿ ಹೇಳಿದರು: ಬಹುಶಃ ಅಲ್ಲಿ ಪಟ್ಟಿಯನ್ನ ನಿಜವಾಗಿ ಬಳಸಲೇ ಇಲ್ಲ.

ಮೇಲಿನವರು ಲೆಕ್ಕ ಕೇಳಿದ್ದು ಟಿಕ್‌ದು. ಸಿಕ್ಕಿದ್ದೂ ಟಿಕ್ಕೇ. ಆಪರೇಷನ್‌ಗೆ ಮುಂಚೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅಂತ ಪಟ್ಟಿಯಲ್ಲಿದೆ. ಯಾಕೆ? ಒಮ್ಮೆ ಬಾಯಿ ಬಿಟ್ಟವರಿಗೆ ಆಮೇಲೆ "ಸರ್, ಒಂದ್ನಿಮಿಷ, ಇದು ಎಡಗಾಲಲ್ವಾ?" ಅನ್ನೋಕೆ ಧೈರ್ಯ ಬರಲಿ ಅಂತ. ಕಿರಿಯರು ಹಿರಿಯರನ್ನ ಪ್ರಶ್ನೆ ಮಾಡೋಕೆ ಹೆದರುವ ಜಾಗದಲ್ಲಿ 19 ಟಿಕ್ ಬಿದ್ದರೂ ಆ ಮಾತು ಗಂಟಲಲ್ಲೇ ಉಳಿಯುತ್ತೆ.

ನಿಮಗೋ ಮನೆಯವರಿಗೋ ಆಪರೇಷನ್ ಆಗುವಾಗ, ಅರಿವಳಿಕೆ ಕೊಡೋ ಮುಂಚೆ ಹೆಸರೇನು, ಯಾವ ಕಡೆ ಆಪರೇಷನ್ ಅಂತ ಮತ್ತೆ ಮತ್ತೆ ಕೇಳಬಹುದು. "ಫೈಲಲ್ಲೇ ಇದೆಯಲ್ಲ" ಅಂತ ರೇಗಬೇಡಿ, ಬಾಯಿಬಿಟ್ಟು ಹೇಳಿ. ಯಾರೂ ಕೇಳದಿದ್ರೆ? ನೀವೇ ಕೇಳಿ.