ಹಳೇದಕ್ಕೆಷ್ಟು, ಹೊಸದಕ್ಕೆಷ್ಟು?

ಕಾರು ಮಾರೋನು ಕಾರು ಕೊಳ್ಳೋನೂ ಆಗಬೇಕಾಗಿ ಬಂದದ್ದು ಯಾವಾಗ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಚಪ್ಪಲಿ ಅಂಗಡಿಯವನು ನಮ್ಮ ಸವೆದ ಚಪ್ಪಲಿ ವಾಪಸ್ ತಗೊಳ್ಳೋದಿಲ್ಲ. ಮಂಚ ಮಾರುವವನು ಮನೆಯ ಹಳೇ ಮಂಚಕ್ಕೆ ಬೆಲೆ ಕಟ್ಟೋದಿಲ್ಲ. ಆದರೆ ಕಾರಿನ ಶೋರೂಮಿನಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ ಪ್ರಶ್ನೆ ಬಂದೇಬಿಡುತ್ತೆ: "ಸಾರ್, ಎಕ್ಸ್‌ಚೇಂಜ್ ಇದೆಯಾ?" ಕೇಳುವ ಹುಡುಗನಿಗೆ ಗೊತ್ತಿರಲಿ ಬಿಡಲಿ, ಈ ಪ್ರಶ್ನೆಗೆ ಸುಮಾರು ನೂರು ವರ್ಷದ ಚರಿತ್ರೆ ಇದೆ. ನೀವು ಚೌಕಾಶಿಗೆ ಕೂರುವ ಮೊದಲು ಅದನ್ನೊಮ್ಮೆ ಓದಿಕೊಂಡು ಹೋಗೋದು ಒಳ್ಳೇದು. ಯಾಕಂದ್ರೆ ಈ ಚರಿತ್ರೆಯ ಉದ್ದಕ್ಕೂ ಒಂದೇ ಆಟ ನಡೆದಿದೆ. ಎರಡು ವ್ಯಾಪಾರಗಳನ್ನು ಒಂದೇ ವ್ಯಾಪಾರದ ಹಾಗೆ ಕಾಣಿಸುವ ಆಟ.

ಕಥೆ ಶುರುವಾಗೋದು ಅಮೆರಿಕದಲ್ಲಿ. 1908ರಲ್ಲಿ ಹೆನ್ರಿ ಫೋರ್ಡ್ 'ಮಾಡೆಲ್ ಟಿ' ಕಾರನ್ನು 850 ಡಾಲರಿಗೆ ಮಾರುಕಟ್ಟೆಗೆ ತಂದ. ವರ್ಷವರ್ಷವೂ ಬೆಲೆ ಇಳಿಸುತ್ತಾ ಹೋದ. 1925ರ ಹೊತ್ತಿಗೆ ಎರಡು ಸೀಟಿನ ಮಾದರಿ 260 ಡಾಲರಿಗೆ ಸಿಗುತ್ತಿತ್ತು. ಕೊಳ್ಳಲು ಬರುವವರಲ್ಲಿ ಬಹಳ ಜನಕ್ಕೆ ಅದೇ ಜೀವನದ ಮೊದಲ ಕಾರು. ಕೊಡಲು ಹಳೇದು ಇರಲಿಲ್ಲ, ಹಾಗಾಗಿ ಹಳೇದರ ಮಾತೂ ಇರಲಿಲ್ಲ.

ತೊಂದರೆ ಶುರುವಾದದ್ದು ಈ ಯಶಸ್ಸಿನಿಂದಲೇ. 1920ರ ದಶಕದ ನಡುವಿಗೆ ಬರುವಷ್ಟರಲ್ಲಿ, ಕಾರು ಕೊಳ್ಳುವ ಶಕ್ತಿ ಇದ್ದವರ ಮನೆಯಲ್ಲಿ ಆಗಲೇ ಒಂದು ಕಾರು ನಿಂತಿತ್ತು. ಅವರಿಗೆ ಹೊಸದು ಮಾರಬೇಕಾದರೆ ಹಳೇದಕ್ಕೆ ಒಂದು ದಾರಿ ತೋರಿಸಲೇಬೇಕು. ಇದನ್ನು ಫೋರ್ಡ್‌ಗಿಂತ ಚೆನ್ನಾಗಿ ಅರ್ಥಮಾಡಿಕೊಂಡವನು 1923ರಲ್ಲಿ ಜನರಲ್ ಮೋಟಾರ್ಸ್‌ನ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್. ಆ ದಶಕದಲ್ಲಿ ಕಾರಿನ ವ್ಯಾಪಾರವನ್ನೇ ಬದಲಿಸಿದ ನಾಲ್ಕು ಸಂಗತಿಗಳನ್ನು ಸ್ಲೋನ್ ತನ್ನ ನೆನಪಿನ ಪುಸ್ತಕದಲ್ಲಿ ಪಟ್ಟಿ ಮಾಡಿದ್ದಾನೆ. ಕಂತಿನ ಸಾಲ, ಹಳೇ ಕಾರಿನ ವಿನಿಮಯ, ಮುಚ್ಚಿದ ಬಾಡಿ, ಪ್ರತಿವರ್ಷ ಹೊಸ ಮಾದರಿ. ನೋಡಿ, ನಾಲ್ಕೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಹೊಸ ಮಾದರಿ ಬಂದರೆ ಇರುವ ಕಾರು ಹಳೇದೆನಿಸುತ್ತೆ. ಹಳೇದನ್ನು ಕೊಟ್ಟರೆ ಮುಂಗಡದ ಹಣವಾಗುತ್ತೆ. ಉಳಿದದ್ದಕ್ಕೆ ಕಂತು. ಫೋರ್ಡ್‌ನ ಮಾಡೆಲ್ ಟಿ 1927ರಲ್ಲಿ ನಿಂತುಹೋಯಿತು. ಅದನ್ನು ಸೋಲಿಸಿದ್ದು ಬೇರೆ ಕಂಪನಿಗಳ ಹೊಸ ಕಾರುಗಳು ಮಾತ್ರವಲ್ಲ. ಅದೇ ದುಡ್ಡಿಗೆ ಸಿಗುತ್ತಿದ್ದ, ಅದಕ್ಕಿಂತ ಅನುಕೂಲವಾದ ಸೆಕೆಂಡ್ ಹ್ಯಾಂಡ್ ಕಾರುಗಳೂ ಸೇರಿ ಸೋಲಿಸಿದವು.

ಈಗ ಡೀಲರನ ಕಷ್ಟ ನೋಡಿ. ಹೊಸ ಕಾರಿನ ಬೆಲೆ ಕಂಪನಿ ಹೇಳುತ್ತೆ. ಹಳೇ ಕಾರಿನ ಬೆಲೆ ಹೇಳೋರು ಯಾರು? ಲಾಸ್ ಏಂಜಲೀಸ್‌ನ ಲೆಸ್ ಕೆಲ್ಲಿ ಎಂಬ ವ್ಯಾಪಾರಿ ತಾನು ಯಾವ ಯಾವ ಕಾರು ಎಷ್ಟಕ್ಕೆ ಕೊಳ್ಳಲು ಸಿದ್ಧ ಅಂತ ಪಟ್ಟಿ ಮಾಡಿ ಇತರ ಡೀಲರುಗಳಿಗೂ ಬ್ಯಾಂಕುಗಳಿಗೂ ಕಳಿಸುತ್ತಿದ್ದ. 1926ರಲ್ಲಿ ಅದೇ 'ಕೆಲ್ಲಿ ಬ್ಲೂ ಬುಕ್' ಎಂಬ ಪುಸ್ತಕವಾಯಿತು. ಡೀಲರುಗಳಿಗೆ ಅದೇ ಪಂಚಾಂಗ. ಆದರೆ ಸಾಮಾನ್ಯ ಗ್ರಾಹಕರಿಗಾಗಿ ಅದರ ಪ್ರತಿ ಹೊರಬಂದದ್ದು 1993ರಲ್ಲಿ. ಅಂದರೆ 67 ವರ್ಷ ಮೇಜಿನ ಒಂದು ಬದಿಯವನ ಕೈಯಲ್ಲಿ ಪಂಚಾಂಗ ಇತ್ತು, ಇನ್ನೊಂದು ಬದಿಯವನು ಆಕಾಶ ನೋಡಿ ಮುಹೂರ್ತ ಹೇಳಬೇಕಿತ್ತು!

ಅಮೆರಿಕದ ಕಾರು ವ್ಯಾಪಾರದ ಚೌಕಾಶಿ ಅಲ್ಲಿನ ಕುದುರೆ ವ್ಯಾಪಾರದಿಂದ ಬಂದದ್ದು ಅಂತ ಹೇಳೋದುಂಟು. ನಮ್ಮ ಕಡೆ ದನದ ಜಾತ್ರೆ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತೆ. ಹಲ್ಲು ನೋಡಿ ವಯಸ್ಸು ಹೇಳೋದು, ಸುಳಿ ನೋಡೋದು, ಕೊನೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸೋದು. ಆದರೆ ಒಂದು ವ್ಯತ್ಯಾಸ ಇದೆ. ಜಾತ್ರೆಯಲ್ಲಿ ಟವೆಲ್ ಬೆಲೆಯನ್ನು ಮುಚ್ಚಿಡೋದು ಸುತ್ತ ನಿಂತವರಿಂದ. ಕೈ ಹಿಡಿದ ಇಬ್ಬರಿಗೂ ಬೆಲೆ ಗೊತ್ತಿರುತ್ತೆ. ಕಾರಿನ ವ್ಯಾಪಾರದಲ್ಲಿ ಟವೆಲ್ ಕೊಳ್ಳುವವನ ಕಣ್ಣಿಗೇ ಕಟ್ಟಿರುತ್ತೆ.

ಹೇಗೆ ಅಂತೀರಾ? ಸುಮ್ಮನೆ ಒಂದು ಲೆಕ್ಕ ಹಾಕೋಣ. ಹೊಸ ಕಾರಿನ ನಿಜವಾದ ಬೆಲೆ 2,400 ಡಾಲರ್, ನಿಮ್ಮ ಹಳೇ ಕಾರು 600 ಬಾಳುತ್ತೆ ಅನ್ನಿ. ನೀವು ಕೈಯಿಂದ ಕೊಡಬೇಕಾದದ್ದು 1,800. ಡೀಲರ್ ಹೊಸದಕ್ಕೆ 2,800 ಅನ್ನುತ್ತಾನೆ. ಆಮೇಲೆ ನಿಮ್ಮ ಹಳೇದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹುಬ್ಬೇರಿಸಿ, "ನಿಮಗೋಸ್ಕರ 900 ಕೊಡ್ತೀನಿ" ಅನ್ನುತ್ತಾನೆ. 600ರ ಗಾಡಿಗೆ 900 ಸಿಕ್ಕಿತು ಅಂತ ನೀವು ಖುಷಿಯಾಗಿ ಮನೆಗೆ ಹೋಗುತ್ತೀರಿ. ಕೈಯಿಂದ ಕೊಟ್ಟದ್ದು 1,900. ನೂರು ಡಾಲರ್ ಹೋಯಿತು, ಗೆದ್ದ ಸಂತೋಷ ಉಳಿಯಿತು.

1950ರ ದಶಕದ ಅಮೆರಿಕದಲ್ಲಿ ಇದು ವ್ಯಾಪಾರದ ರೂಢಿಯೇ ಆಗಿಹೋಗಿತ್ತು. ಯುದ್ಧಕ್ಕಾಗಿ 1942ರಲ್ಲಿ ಜನಸಾಮಾನ್ಯರ ಕಾರಿನ ಉತ್ಪಾದನೆ ನಿಂತಿತ್ತು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಕಾರು ಸಿಕ್ಕರೆ ಸಾಕು ಅನ್ನುವ ಸ್ಥಿತಿ. ಆಮೇಲೆ ಕಾರ್ಖಾನೆಗಳು ಪೈಪೋಟಿಯಲ್ಲಿ ಕಾರು ತಯಾರಿಸಿ ಡೀಲರುಗಳ ಅಂಗಳಕ್ಕೆ ತಂದು ಸುರಿದವು. ಮಾರಲೇಬೇಕಾದ ಒತ್ತಡದಲ್ಲಿ ಡೀಲರುಗಳು ಬೆಲೆ ಉಬ್ಬಿಸೋದು, ಉಬ್ಬಿಸಿದ್ದರಲ್ಲೇ ಒಂದು ಪಾಲು ಹಳೇ ಕಾರಿನ ಹೆಸರಲ್ಲಿ ವಾಪಸ್ ಕೊಡೋದು ನಡೆಯಿತು. ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಇದರ ವಿರುದ್ಧ ಕಾನೂನು ತಂದರು. 1958ರ ಆ ಕಾನೂನಿನ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಕಂಪನಿ ಸೂಚಿಸಿದ ಬೆಲೆ, ಹೆಚ್ಚುವರಿ ಸಾಮಾನುಗಳ ಬೆಲೆ, ಸಾಗಾಣಿಕೆ ವೆಚ್ಚ ಎಲ್ಲ ಬರೆದ ಚೀಟಿ ಇರಲೇಬೇಕು. ಇವತ್ತಿಗೂ ಅಲ್ಲಿ ಅದಕ್ಕೆ 'ಮನ್ರೋನಿ ಸ್ಟಿಕ್ಕರ್' ಅಂತಲೇ ಹೆಸರು.

ದೊಡ್ಡ ಗೆಲುವೇ ಸರಿ. ಆದರೆ ಚೀಟಿ ಅಂಟಿದ್ದು ಹೊಸ ಕಾರಿಗೆ ಮಾತ್ರ. ಹಳೇ ಕಾರಿನ ಗಾಜು ಖಾಲಿಯಾಗೇ ಉಳಿಯಿತು. ಒಂದು ಕಡೆ ಬೆಳಕು ಬಿದ್ದರೆ ಆಟ ಕತ್ತಲಿರುವ ಕಡೆಗೆ ಸರಿಯುತ್ತೆ, ಅಷ್ಟೇ. ಅಲ್ಲಿನ ಮಾರಾಟಗಾರರು ಬಳಸುವ ಒಂದು ಹಾಳೆ ಇದೆ. ಹಾಳೆಯನ್ನು ನಾಲ್ಕು ಚೌಕ ಮಾಡಿ ಹೊಸ ಕಾರಿನ ಬೆಲೆ, ಹಳೇ ಕಾರಿನ ಬೆಲೆ, ಮುಂಗಡ, ತಿಂಗಳ ಕಂತು ಅಂತ ಬರೆಯುತ್ತಾರೆ. ನೀವು ಒಂದು ಚೌಕದಲ್ಲಿ ಎಳೆದರೆ ಇನ್ನೊಂದು ಚೌಕದಲ್ಲಿ ಉಬ್ಬುತ್ತೆ.

ಈ ಕತ್ತಲಲ್ಲಿ ಎಲ್ಲರೂ ಒಂದೇ ಥರ ಎಡವೋದಿಲ್ಲ. ಇಯಾನ್ ಏರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಶಿಕಾಗೋ ಪ್ರದೇಶದ ಡೀಲರುಗಳ ಬಳಿಗೆ ಬೇರೆ ಬೇರೆ ಜನರನ್ನು ಕಳಿಸಿ, ಎಲ್ಲರಿಂದಲೂ ಒಂದೇ ರೀತಿ ಚೌಕಾಶಿ ಮಾಡಿಸಿದರು. ಮಾತು ಒಂದೇ, ಕಾರು ಒಂದೇ. ಆದರೂ ಬಿಳಿಯ ಗಂಡಸರಿಗೆ ಸಿಕ್ಕ ಬೆಲೆಗಿಂತ ಹೆಂಗಸರಿಗೆ, ಕಪ್ಪು ಜನರಿಗೆ ಹೇಳಿದ ಬೆಲೆ ಜಾಸ್ತಿ ಇತ್ತು. 1991ರಲ್ಲಿ ಪ್ರಕಟವಾದ ಅಧ್ಯಯನ ಇದು. ಚೌಕಾಶಿ ಅಂದರೆ ಜಾಣತನಕ್ಕೆ ಸಿಗುವ ಬಹುಮಾನ ಅಂತ ನಾವು ತಿಳಿದಿರುತ್ತೇವೆ. ಹಲವು ಸಲ ಅದು ಮುಖ ನೋಡಿ ಹಾಕುವ ಮಣೆ.

ಇನ್ನು ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಈ ಕಥೆ ಬಹಳ ದಿನ ತಲೆಕೆಳಗಾಗಿತ್ತು. ಅಂಬಾಸಿಡರ್, ಫಿಯಟ್ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರಲ್ಲಿ ಮಾರುತಿ 800ಕ್ಕೆ ಬುಕಿಂಗ್ ಶುರುವಾದಾಗ 10,000 ರೂಪಾಯಿ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಕೈಗೆ ಸಿಕ್ಕ ಕಾರನ್ನು ಕೊಂಡದ್ದಕ್ಕಿಂತ ಹೆಚ್ಚಿನ 'ಪ್ರೀಮಿಯಂ'ಗೆ ಮಾರುತ್ತಿದ್ದ ಕಾಲ ಅದು. ಹಳೇದನ್ನು ತಗೋ ಅಂತ ಡೀಲರನ ಮುಂದೆ ನಿಂತರೆ ನಗುತ್ತಿದ್ದ. ಕ್ಯೂ ಇರುವ ಕಡೆ ಚೌಕಾಶಿ ಇರೋದಿಲ್ಲ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕು ಅನ್ನುವ ನಿಯಮ ಹೋಯಿತು. 1998ರಲ್ಲಿ ಸ್ಯಾಂಟ್ರೋ, ಇಂಡಿಕಾ ಬಂದವು. ಹಾಗಂತ ವಿನಿಮಯ ನಮಗೆ ಹೊಸದೇನಲ್ಲ. ಹಳೇ ಸೀರೆ, ಪ್ಯಾಂಟು ತಗೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರ ಹತ್ತಿರ ನಮ್ಮ ಅಮ್ಮಂದಿರು ಅರ್ಧ ದಿನ ಜಗ್ಗಾಡುತ್ತಿದ್ದರು. 90ರ ದಶಕದ ಮಧ್ಯದಲ್ಲಿ ಅಕಾಯ್ ಟಿವಿಯವರು ಹಳೇ ಟಿವಿ ತನ್ನಿ, ಹೊಸದು ಒಯ್ಯಿರಿ ಅಂತ ದೇಶವನ್ನೇ ಎಬ್ಬಿಸಿದರು. ಮಾರುತಿ ಕಂಪನಿ 2001ರಲ್ಲಿ 'ಟ್ರೂ ವ್ಯಾಲ್ಯೂ' ತೆರೆಯಿತು. ಸ್ಲೋನ್‌ನ ಅಮೆರಿಕ 1920ರ ದಶಕದಲ್ಲಿ ಎದುರಿಸಿದ ಪ್ರಶ್ನೆ, ಎರಡನೇ ಕಾರು ಕೊಳ್ಳುವವನ ಪ್ರಶ್ನೆ, ನಮ್ಮಲ್ಲಿಗೆ ಬಂದದ್ದು ಆಗ.

ಎರಡು ವರ್ಷದ ಹಿಂದೆ ನಾನೂ ನನ್ನ ಹನ್ನೊಂದು ವರ್ಷದ ಗಾಡಿ ತಗೊಂಡು ಬೆಂಗಳೂರಿನ ಎರಡು ಶೋರೂಮು ಹತ್ತಿಳಿದೆ. ಕಾರು ಒಂದೇ, ಮಾದರಿ ಒಂದೇ. ಮೊದಲನೆಯವರು ಹಳೇದಕ್ಕೆ 1.60 ಲಕ್ಷ, ಎಕ್ಸ್‌ಚೇಂಜ್ ಬೋನಸ್ 25 ಸಾವಿರ, ಹೊಸದರ ಮೇಲೆ ಡಿಸ್ಕೌಂಟ್ 20 ಸಾವಿರ ಅಂದರು. ಎರಡನೆಯ ಕಡೆ ಹುಡುಗ ಬಾನೆಟ್ ಎತ್ತಿ ನೋಡಿ, "ಗಾಡಿ ಚೆನ್ನಾಗಿ ಇಟ್ಕೊಂಡಿದೀರಾ ಸಾರ್, ಆದ್ರೆ ಈ ಮಾಡೆಲ್‌ಗೆ ಮಾರ್ಕೆಟ್ ಇಲ್ಲ" ಅಂದ. ಅಲ್ಲಿ ಹಳೇದಕ್ಕೆ 1.40 ಲಕ್ಷ, ಬೋನಸ್ 20 ಸಾವಿರ, ಡಿಸ್ಕೌಂಟ್ 45 ಸಾವಿರ. ಕೂಡಿ ನೋಡಿ. ಎರಡೂ ಕಡೆ 2.05 ಲಕ್ಷ! ಬೇರೆ ಬೇರೆ ಹೆಸರಿನ ಡಬ್ಬಗಳಲ್ಲಿ ಅದೇ ಅಕ್ಕಿ. ನಾನು ಎರಡನೆಯವರಿಗೆ "ಎಕ್ಸ್‌ಚೇಂಜ್ ಬೇಡ, ಬರೀ ಹೊಸದಕ್ಕೆ ಹೇಳಿ" ಅಂದೆ. ಡಿಸ್ಕೌಂಟ್ 45 ಸಾವಿರ ಹಾಗೇ ಉಳಿಯಿತು. ಹಳೇದನ್ನು ಹೊರಗಡೆ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗೆ ತೋರಿಸಿದಾಗ 1.75 ಲಕ್ಷ ಬಂತು. ಒಟ್ಟು 2.20.

ಆ ಹುಡುಗನನ್ನು ಬೈಯಬೇಕಾಗಿಲ್ಲ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರಿನ ಸಂತೆಯ ಬಗ್ಗೆ ಒಂದು ಲೇಖನ ಬರೆದರು. ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಕೆಟ್ಟ ಗಾಡಿಯ ಭಯ ಸೇರಿಸಿಯೇ ಬೆಲೆ ಹೇಳುತ್ತಾನೆ ಅನ್ನೋದು ಅದರ ಸಾರ. ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಆ ಲೇಖನದ ವಿಚಾರಕ್ಕೆ 2001ರಲ್ಲಿ ನೊಬೆಲ್ ಬಂತು. ಎಕ್ಸ್‌ಚೇಂಜ್‌ನಲ್ಲಿ ಕೊಳ್ಳುವವನು ಡೀಲರ್. ಗಾಡಿಯನ್ನು ಚೆನ್ನಾಗಿ ನೋಡಿಕೊಂಡವರಿಗೇ ಹೆಚ್ಚು ನಷ್ಟ ಆಗೋದು ಅದಕ್ಕೇ. ಸರ್ವಿಸ್ ಬಿಲ್ಲುಗಳನ್ನೆಲ್ಲ ಎತ್ತಿಟ್ಟುಕೊಳ್ಳಿ ಅನ್ನೋದೂ ಅದಕ್ಕೇ.

ಹೊರಗೆ ಮಾರಿದರೆ ತಲೆನೋವಿಲ್ಲವೇ ಅಂತ ಕೇಳಬಹುದು. ಇದೆ. ಆರ್‌ಸಿಯಲ್ಲಿ ನಿಮ್ಮ ಹೆಸರು ಉಳಿದಿರುವ ತನಕ, ಗಾಡಿ ಯಾರ ಕೈಯಲ್ಲಿದ್ದು ಅಪಘಾತವಾದರೂ ಹೊಣೆ ನಿಮ್ಮದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶೋರೂಮಿಗೆ ಕೊಟ್ಟರೂ ಈ ಅಪಾಯ ತಾನಾಗಿ ಹೋಗೋದಿಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಲ್ಲಿ ಹಳೇ ಗಾಡಿ ವ್ಯಾಪಾರ ಮಾಡುವ ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು, ಗಾಡಿ ವಹಿಸಿಕೊಂಡದ್ದನ್ನು ಅಲ್ಲಿಗೆ ತಿಳಿಸಬೇಕು. ಯಾರಿಗೇ ಕೊಡಿ, ಆ ಕಾಗದದ ಪ್ರತಿ ಇಸಿದುಕೊಳ್ಳಿ. ಐದು ಸಾವಿರ ಹೆಚ್ಚು ಸಿಗೋದಕ್ಕಿಂತ ಅದು ಮುಖ್ಯ.

ಕೊನೆಗೆ ಒಂದು ತಮಾಷೆ. ಹಳೇದಕ್ಕೆ ಹೊಸದು ಕೊಟ್ಟಾಗ ತೆರಿಗೆ ಎಷ್ಟರ ಮೇಲೆ ಅನ್ನುವ ಪ್ರಶ್ನೆಗೆ ನಮ್ಮ ಜಿಎಸ್‌ಟಿ ನಿಯಮದಲ್ಲೇ ಒಂದು ಉದಾಹರಣೆ ಇದೆ. ಹಳೇ ಫೋನ್ ಕೊಟ್ಟರೆ ಹೊಸ ಫೋನ್ 20,000ಕ್ಕೆ, ಕೊಡದಿದ್ದರೆ 24,000ಕ್ಕೆ ಸಿಗುವುದಾದರೆ, ಹೊಸ ಫೋನಿನ ಬೆಲೆ 24,000 ಅಂತಲೇ ಲೆಕ್ಕ. ಅಂದರೆ ಸರ್ಕಾರ ತನ್ನ ಪಾಲು ತಗೊಳ್ಳುವಾಗ ಎರಡು ವ್ಯಾಪಾರಗಳನ್ನು ಬೇರೆ ಮಾಡಿಯೇ ನೋಡುತ್ತೆ. ನೂರು ವರ್ಷದ ಚರಿತ್ರೆ ಹೇಳೋದೂ ಅಷ್ಟೇ. ಹೊಸದರ ಬೆಲೆ ಒಂದು ಕಾಗದದ ಮೇಲೆ ಬರೆಸಿಕೊಳ್ಳಿ, ಹಳೇದರ ಬೆಲೆ ಇನ್ನೊಂದು ಕಾಗದದ ಮೇಲೆ. ಎರಡೂ ಕೈಗೆ ಬರುವ ತನಕ, ಎಕ್ಸ್‌ಚೇಂಜ್ ಇದೆಯಾ ಅಂತ ಕೇಳಿದರೆ "ನೋಡೋಣ" ಅನ್ನಿ.