ಪ್ರವಚನದ ದನಿ, ಕಳೆದುಹೋದ ಚೀಟಿ

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದದ್ದು 2023ರ ಜನವರಿ 2ರಂದು. ತಿಕೋಟಾ ಸೀಮೆಯ ಬಿಜ್ಜರಗಿಯವರಾದ ಅವರು ತಮ್ಮ ದೇಹವನ್ನು ದಹನ ಮಾಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ಭಕ್ತರು ಹಾಗೇ ನಡೆದುಕೊಂಡರು. ಗದ್ದುಗೆ ಇಲ್ಲ, ಇರುವುದು ಪುಸ್ತಕ, ಕ್ಯಾಸೆಟ್ಟು, ಸಿಡಿ, ಮೊಬೈಲಿನೊಳಗಿನ ದನಿ. ಮನೆಯಲ್ಲಿ ಸಾವಾದಾಗ, ಮಳೆ ಕೈಕೊಟ್ಟಾಗ, ನಿದ್ದೆ ಹತ್ತದ ರಾತ್ರಿ ಜನ ಹಚ್ಚಿಕೊಂಡು ಕೇಳುವುದು ಇಂಥ ದನಿಯನ್ನೇ.

ಈ ಪರಂಪರೆಯಲ್ಲಿ ಮಾತನ್ನು ಮೊದಲು ಹಿಡಿದಿಟ್ಟದ್ದು ಲೇಖನಿ. ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರ ಪ್ರವಚನಗಳನ್ನು ಆಧರಿಸಿ ವೀರಶೈವ ಗ್ರಂಥ ‘ಸಿದ್ಧಾಂತ ಶಿಖಾಮಣಿ’ಯ ಕುರಿತ ಪುಸ್ತಕವನ್ನು ಸಿದ್ಧಪಡಿಸಿದಾಗ ಸಿದ್ಧೇಶ್ವರರು ಇನ್ನೂ ವಿದ್ಯಾರ್ಥಿ. ಮುಂದೆ ಅವರದೇ ಪ್ರವಚನಗಳೂ ಪುಸ್ತಕಗಳಾದವು. ಅಚ್ಚಿನಲ್ಲಿ ವಿಚಾರ ಉಳಿಯುತ್ತದೆ. ವಾಕ್ಯ ಮುಗಿಸಿ ಅವರು ಸುಮ್ಮನಾಗುತ್ತಿದ್ದ ಆ ಬಿಡುವು ಉಳಿಯುವುದಿಲ್ಲ. ಕೇಳುಗರಿಗೆ ಸಿಕ್ಕ ಸಮಾಧಾನದಲ್ಲಿ ಆ ಬಿಡುವಿನ ಪಾಲು ಸಣ್ಣದಲ್ಲ.

ಬಿಡುವನ್ನೂ ಹಿಡಿದದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಇದರ ಟೇಪು 4 ಮಿ.ಮೀ. ಅಗಲವೂ ಇಲ್ಲ, 90 ನಿಮಿಷದ್ದಾದರೆ ಇನ್ನೂ ತೆಳು. ಸುರುಳಿ ಹಾಗೇ ವರ್ಷಗಟ್ಟಲೆ ಬಿದ್ದಿದ್ದರೆ ಒಂದು ಪದರದ ಕಾಂತಮುದ್ರೆ ಪಕ್ಕದ ಪದರಕ್ಕೂ ಇಳಿಯುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದಲ್ಲಿ ತಗಡಿನ ಟ್ರಂಕಿನೊಳಗಿಟ್ಟ ಕ್ಯಾಸೆಟ್ಟಿನ ಪಾಡನ್ನು ಊಹಿಸಬಹುದು. ಸಿನಿಮಾ ಹಾಡಿನ ಗದ್ದಲದಲ್ಲಿ ಈ ದೋಷ ಕಿವಿಗೆ ಬೀಳದು. ಪ್ರವಚನದಲ್ಲಿ ಹಾಗಲ್ಲ: ಮಾತು ನಿಂತ ಕಡೆ, ಇನ್ನೂ ಬರಬೇಕಾದ ಮಾತು ಪಿಸುದನಿಯಲ್ಲಿ ಮೊದಲೇ ಕೇಳಿಸಿಬಿಡುತ್ತದೆ. ಇದನ್ನು ಅಳಿಸಲು ಹೊರಟವರು ಮೌನವನ್ನೇ ಕತ್ತರಿಸುತ್ತಾರೆ; ಕೆಲವರು ಕೆಳಗೊಂದು ಕೊಳಲು ಸೇರಿಸುತ್ತಾರೆ. ಅಲ್ಲಿಗೆ ಅದು ಬೇರೆಯೇ ವಸ್ತು.

ಕ್ರೈಸ್ತ ಬೋಧನೆಯ ಕಥೆಯೊಂದು ಕನ್ನಡದ ದನಿಯಲ್ಲಿ ಕ್ಯಾಸೆಟ್ಟಿಗೂ ಎಷ್ಟೋ ಮೊದಲೇ ಅರಗಿನ ತಟ್ಟೆ ಸೇರಿತ್ತು, ಅದೂ ಯಾರನ್ನೂ ಸಂತೈಸುವ ಉದ್ದೇಶವಿಲ್ಲದೆ. ಜಾರ್ಜ್ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆಗೆ ಎಲ್ಲ ಭಾಷೆಗಳಲ್ಲೂ ಹೇಳಿಸಬಹುದಾದ ಒಂದು ಮಾದರಿ ಬೇಕಿತ್ತು. ಅವರು ಆರಿಸಿದ್ದು ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯ. ಪುರುಷವಾಚಕಗಳು, ವಿಭಕ್ತಿಗಳು, ಮೂರೂ ಕಾಲದ ಕ್ರಿಯಾಪದಗಳು ಅದರಲ್ಲಿ ಸಿಗುತ್ತವೆ ಎಂಬುದು ಕಾರಣ. ಇಲ್ಲಿಯವರ ಮನಸ್ಸಿಗೆ ನೋವಾಗದಂತೆ ಅಲ್ಪಸ್ವಲ್ಪ ಪದಬದಲಾವಣೆಯೂ ಆಯಿತು. 1910 ಮತ್ತು 1920ರ ದಶಕಗಳಲ್ಲಿ ಈ ಸಾಮ್ಯವನ್ನು ಹಲವು ಭಾಷೆಗಳ ಜನರಿಂದ ಹೇಳಿಸಿ ಗ್ರಾಮಫೋನ್ ತಟ್ಟೆಗಳನ್ನು ಮಾಡಿಸಲಾಯಿತು, ಕನ್ನಡವೂ ಅವುಗಳಲ್ಲಿತ್ತು. ತಟ್ಟೆಯ ಒಂದು ಮುಖಕ್ಕೆ ಮೂರು-ನಾಲ್ಕು ನಿಮಿಷ ಸಿಕ್ಕರೆ ಹೆಚ್ಚು. ಚರ್ಚಿನ ಉಪದೇಶವಾದ ಪ್ರಸಂಗ ಪೂರ್ತಿಯಾಗಿ ಹಿಡಿಯುವಷ್ಟು ಜಾಗ ಅಲ್ಲಿಲ್ಲ, ಹಾಳಾಗಿ ಮನೆಗೆ ಮರಳಿದ ಮಗನ ಕಥೆಗೆ ಇದೆ. ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದ ಈ ತಟ್ಟೆಗಳ ದನಿ ಈಗ ಷಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಯಾರಿಗಾದರೂ ಕೇಳಲು ಸಿಗುತ್ತದೆ.

ಸಂತೈಸುವುದಕ್ಕೆಂದೇ ತಟ್ಟೆ ಮಾಡಿಸಿದವರೂ ಇದ್ದರು. ಹೊಂಡುರಾಸ್‌ನಲ್ಲಿ ಮಿಶನರಿಯಾಗಿದ್ದು ಕಾಯಿಲೆ ಬಿದ್ದು ಲಾಸ್ ಏಂಜಲೀಸ್‌ಗೆ ಮರಳಿದ ಜಾಯ್ ರಿಡರ್‌ಹಾಫ್ 1939ರಲ್ಲಿ ‘ಗಾಸ್ಪೆಲ್ ರೆಕಾರ್ಡಿಂಗ್ಸ್’ ಆರಂಭಿಸಿದರು. ಓದು ಬಾರದವರಿಗೆ ಅವರದೇ ನುಡಿಯಲ್ಲಿ ಸುವಾರ್ತೆ ಕೇಳಿಸುವ ಈ ಸಂಸ್ಥೆ ಕರೆಂಟಿಲ್ಲದ ಊರುಗಳಿಗಾಗಿ ರಟ್ಟಿನ ಪ್ಲೇಯರನ್ನೇ ರೂಪಿಸಿತು: ತಟ್ಟೆಯನ್ನು ಕೈಯಿಂದ ತಿರುಗಿಸಿದರೆ ರಟ್ಟೇ ಮಾತಾಡುತ್ತಿತ್ತು. ಸಂಸ್ಥೆಯ ಸಂಗ್ರಹದಲ್ಲಿ ಕನ್ನಡದ ಧ್ವನಿಮುದ್ರಣಗಳೂ ಇವೆ.

ಗ್ರಿಯರ್ಸನ್‌ನ ತಟ್ಟೆಯನ್ನು ಯಾವ ಭಕ್ತನೂ ಎದೆಗವಚಿಕೊಂಡು ಕಾಪಾಡಲಿಲ್ಲ. ಪ್ರತಿ ತಟ್ಟೆಗೂ ಸಂಖ್ಯೆ, ಭಾಷೆಯ ಹೆಸರು ಇದ್ದುದರಿಂದ ಸಂಶೋಧಕನಿಗೆ ದಾರಿ ಸಿಕ್ಕಿತು. ಪ್ರವಚನ, ಪ್ರಸಂಗಗಳ ಕ್ಯಾಸೆಟ್ಟಿನ ಕಥೆ ತಿರುಗುಮುರುಗು. ಪ್ರೀತಿಯಿಂದಲೇ ಕೈಯಿಂದ ಕೈಗೆ ನಕಲಾಗಿ ಅವು ಉಳಿದವು. ನಕಲಾಗುವಾಗ ಊರು, ದಿನಾಂಕ, ಎಷ್ಟನೆಯ ದಿನದ ಮಾತು ಎಂಬ ಚೀಟಿಯೇ ಕಳಚಿಬಿತ್ತು. ಯಾವ ಬರಗಾಲದಲ್ಲಿ, ಯಾವ ಊರಿನ ಜನರ ಮುಂದೆ ಆಡಿದ ಮಾತೆಂದು ತಿಳಿಯದಿದ್ದರೆ ಇತಿಹಾಸಕಾರನಿಗೆ ಅರ್ಧ ಮಾತಷ್ಟೇ ದಕ್ಕಿದಂತೆ.

ಕಾಲಾವಕಾಶವೂ ಕಡಿಮೆ. ಟೇಪುಗಳನ್ನು ನುಡಿಸುವ ಯಂತ್ರಗಳು, ಬಿಡಿಭಾಗಗಳು 2025ರ ಹೊತ್ತಿಗೆ ಸಿಗುವುದೇ ಕಷ್ಟವಾಗಬಹುದೆಂದು ಯುನೆಸ್ಕೊ 2019ರಲ್ಲೇ ಎಚ್ಚರಿಸಿತ್ತು. ಹಾಗಾಗಿ ಟ್ರಂಕು ತೆರೆದವರು ಪ್ಲೇ ಗುಂಡಿ ಒತ್ತುವ ಮೊದಲು ಕ್ಯಾಸೆಟ್ಟಿನ ಎರಡೂ ಮುಖ, ಡಬ್ಬಿಯ ಮೇಲಿನ ಕೈಬರಹ ಎಲ್ಲದರ ಫೋಟೊ ತೆಗೆದಿಡುವುದು ಒಳ್ಳೆಯದು. ಮೂಲಪ್ರತಿಯನ್ನು ಎಂಪಿ3ಗೆ ಇಳಿಸದೆ 24 ಬಿಟ್‌ನ ವೇವ್ ಕಡತವಾಗಿ, ಕೆಮ್ಮು, ಮೌನಗಳ ಸಮೇತ ಇಡಬೇಕು. ಕ್ಯಾಸೆಟ್ಟಿನ ಹೊರಕವಚ ಒಡೆದಿದ್ದರೂ ಟೇಪು ಹರಿಯದಿದ್ದರೆ ಅದನ್ನು ಬಿಸಾಡಬೇಕಿಲ್ಲ. ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟೊಂದನ್ನು ಬಿಚ್ಚಿ ಸುರುಳಿಯನ್ನು ಅದರೊಳಗೆ ಕೂರಿಸಿದರೆ ಮತ್ತೆ ಓಡುತ್ತದೆ.