ಪಂಜರದಿಂದ ಮನೆಯಂಗಳಕ್ಕೆ

2013ರಲ್ಲಿ ವೇಲ್ಸ್‌ನ ಸಾಕಣೆ ಕೇಂದ್ರವೊಂದರಿಂದ ಲೂಸಿ ಎಂಬ ಹೆಣ್ಣುನಾಯಿಯನ್ನು ಬಿಡಿಸಿ ತರಲಾಯಿತು. ಮಾರಾಟಕ್ಕಾಗಿ ಪದೇ ಪದೇ ಮರಿ ಹೆತ್ತು, ಪುಟ್ಟ ಪಂಜರದಲ್ಲೇ ಬಾಳಿದ ಅದರ ಸೊಂಟದ ಕೀಲುಗಳು ಬೆಸೆದುಕೊಂಡು ಬೆನ್ನು ಬಾಗಿತ್ತು. ದತ್ತು ಪಡೆದ ಮನೆಯಲ್ಲಿ ಅಕ್ಕರೆಯನ್ನು ಕಂಡು 2016ರಲ್ಲಿ ಅದು ತೀರಿಕೊಂಡಿತು. ಅದರ ಹೆಸರಿನಲ್ಲಿ ನಡೆದ ಚಳವಳಿಯ ಫಲವಾಗಿ, ಆರು ತಿಂಗಳೊಳಗಿನ ನಾಯಿ, ಬೆಕ್ಕಿನ ಮರಿಗಳನ್ನು ಮಧ್ಯವರ್ತಿಗಳು ಮಾರುವುದನ್ನು ಇಂಗ್ಲೆಂಡ್ 2020ರ ಏಪ್ರಿಲ್ 6ರಿಂದ ನಿಷೇಧಿಸಿತು. ಭಾರತದಲ್ಲಿಯೂ 2017ರ ನಿಯಮಗಳು ಸಾಕಣೆದಾರರ ನೋಂದಣಿಯನ್ನು ಕಡ್ಡಾಯಗೊಳಿಸಿದವು.

ಆದರೆ ಕಾನೂನು ಭಯವನ್ನು ಕಳೆಯಲಾರದು. ಪಂಜರದಿಂದ ಬಂದ ಜೀವಕ್ಕೆ ಹುಲ್ಲು, ಮೆಟ್ಟಿಲು, ಮನುಷ್ಯನ ಕೈ ಎಲ್ಲವೂ ಅಪರಿಚಿತ. ಅದು ತಾನಾಗಿ ಸಮೀಪಿಸುವವರೆಗೆ ತಾಳ್ಮೆಯಿಂದ ಕಾಯುವುದೇ ಶುಶ್ರೂಷೆಯ ಆರಂಭ. ಮರಿಯನ್ನು ಮೆಚ್ಚಿ ಹಣ ತೆರುವ ಮುನ್ನ, ಅದರ ತಾಯಿ ಎಲ್ಲಿದೆ, ಹೇಗಿದೆ ಎಂದು ಕೇಳುವುದು ದಯಾವಂತ ಗೃಹಸ್ಥರ ಕರ್ತವ್ಯವಾಗಿದೆ.